ಉಸ್ತಾದ್‌ಗೇ ಚಕ್ಕರ್ ಬಂತು

19 ವರ್ಷದಿಂದ ಕಲಬುರಗಿಯಲ್ಲಿ ಜನರಿಗೆ ಕಾರು ಕಲಿಸುತ್ತಿದ್ದೇನೆ. ಪಕ್ಕದ ಸೀಟು, ಕಾಲಡಿ ನನ್ನದೊಂದು ಬ್ರೇಕು. ಮೇ ತಿಂಗಳ ಬಿಸಿಲಲ್ಲಿ ಎಸಿ ಇಲ್ಲದ ಕಾರಿನಲ್ಲಿ, ಕ್ಲಚ್ ಬಿಡಲು ಬಾರದವರ ಜೊತೆ ಜಿಗಿಯುತ್ತಾ ಊರೆಲ್ಲ ಸುತ್ತಿದ್ದೇನೆ. ಒಂದು ದಿನವೂ ಹೊಟ್ಟೆ ತೊಳಸಿಲ್ಲ. ಅಂಥ ನನಗೆ ಹೋದ ತಿಂಗಳು ಏಳೇ ನಿಮಿಷದಲ್ಲಿ ವಾಂತಿ ಬಂತು. ಕೂತ ಸೀಟು ಒಂದಿಂಚೂ ಅಲ್ಲಾಡಿರಲಿಲ್ಲ.

ನಮ್ಮ ಡ್ರೈವಿಂಗ್ ಸ್ಕೂಲಿಗೆ ಸಿಮ್ಯುಲೇಟರ್ ಬಂದಿದೆ. ಕಾರಿನ ಸೀಟು, ಸ್ಟೇರಿಂಗು, ಗೇರು, ಮೂರು ಪೆಡಲ್, ಎದುರಿಗೆ ಮೂರು ದೊಡ್ಡ ಪರದೆ. ಮಾಲೀಕರು ಕಾಯಿ ಒಡೆದು, ಸ್ಟೇರಿಂಗಿಗೆ ಕುಂಕುಮ ಹಚ್ಚಿ, "ಮೊದಲ್ ಉಸ್ತಾದ್ ಕುಂದರ್ಲಿ" ಎಂದರು. ಕೂತೆ. ನೇರ ರಸ್ತೆಯಲ್ಲಿ ಏನೂ ಆಗಲಿಲ್ಲ. ಮೊದಲ ಸರ್ಕಲ್ ಬಂತು, ಸ್ಟೇರಿಂಗ್ ತಿರುಗಿಸಿದೆ. ಪರದೆ ಮೇಲಿನ ಊರು ಪೂರ್ತಿ ಪಕ್ಕಕ್ಕೆ ಸರಿಯಿತು. ನನ್ನ ಸೊಂಟ ತಾನಾಗೇ ವಾಲಿತು, ಆದರೆ ತಳ್ಳುವವರು ಯಾರೂ ಇಲ್ಲ! ಬ್ರೇಕ್ ಒತ್ತಿದೆ. ಕಾರು ನಿಂತಿತು, ಮೈ ಮುಂದಕ್ಕೆ ಹೋಗಲಿಲ್ಲ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಅಂತ ಕಾಲು ಇಟ್ಟಾಗ ಮೆಟ್ಟಿಲೇ ಇಲ್ಲದಿದ್ದರೆ ಹೇಗಾಗುತ್ತೆ? ಹಾಗೆ, ಪ್ರತಿ ತಿರುವಿಗೂ, ಪ್ರತಿ ಬ್ರೇಕಿಗೂ.

ಮೊದಲು ಒಂದು ತೇಗು ಬಂತು. ಆಮೇಲೆ ಬಾಯಲ್ಲಿ ನೀರು. ಆಮೇಲೆ ಹಣೆಯಲ್ಲಿ ತಣ್ಣನೆ ಬೆವರು. ಎದ್ದು ಓಡಿದೆ.

ಹಿಂದೆ ನಿಂತಿದ್ದ 19ರ ಹುಡುಗ ನನ್ನ ಶಿಷ್ಯ. ಅವನು ಹುಟ್ಟಿದ ವರ್ಷ ನಾನು ಈ ಕೆಲಸಕ್ಕೆ ಸೇರಿದ್ದು. "ಏನ್ ಉಸ್ತಾದ್, ನಿಮಗೇ ಚಕ್ಕರ್ ಬರ್ಲಕತ್ತದ?" ಎಂದ. ಆಮೇಲೆ ಅವನು ಕೂತು ಅರ್ಧ ಗಂಟೆ ಆರಾಮಾಗಿ ಓಡಿಸಿದ. ಎರಡು ಸಲ ಫುಟ್‌ಪಾತ್ ಹತ್ತಿಸಿದ, ಒಂದು ಎಮ್ಮೆಗೆ ಗುದ್ದಿದ. ಹೊಟ್ಟೆ ಮಾತ್ರ ಗಟ್ಟಿ.

ಮನೆಗೆ ಬಂದರೆ ಹೆಂಡತಿಯ ಮೊದಲ ಪ್ರಶ್ನೆ, "ಹೊರಗ ಏನ್ ತಿಂದ್ ಬಂದೀರಿ?"

ಈ ಪ್ರಶ್ನೆ ನೆನಪಿರಲಿ, ಮುಂದೆ ಬರುತ್ತೆ.

ನಗೆಪಾಟಲು ಒಂದು ವಾರ ನಡೆಯಿತು. ವಯಸ್ಸಾಯ್ತು ಅಂದರು, ಪಿತ್ತ ಅಂದರು, ಬಿಪಿ ನೋಡಿಸ್ರಿ ಅಂದರು. ನನಗೂ ಅನುಮಾನ ಬಂದು ರಾತ್ರಿ ಕೂತು ಓದತೊಡಗಿದೆ. ಓದಿದಷ್ಟೂ ಸಮಾಧಾನವಾಯಿತು. ಇದು ಹೊಸ ರೋಗವಲ್ಲ. 1950ರ ದಶಕದಲ್ಲೇ ಅಮೆರಿಕದ ನೌಕಾಪಡೆಯ ಹೆಲಿಕಾಪ್ಟರ್ ಸಿಮ್ಯುಲೇಟರಿನಲ್ಲಿ ಪೈಲಟ್‌ಗಳಿಗೆ ಹೀಗಾಗಿದೆ, ಮೊದಲ ವರದಿ 1957ರದ್ದು. ಅದರಲ್ಲಿ ಮಜಾ ಇರುವುದು ಇಲ್ಲಿ. ಕಲಿಯಲು ಬಂದವರಿಗಿಂತ ಕಲಿಸುವ ಉಸ್ತಾದ್‌ಗಳಿಗೇ ತಲೆ ಜಾಸ್ತಿ ತಿರುಗಿತಂತೆ! ನಿಜವಾದ ಹೆಲಿಕಾಪ್ಟರ್ ಹೇಗೆ ವಾಲುತ್ತದೆ ಎಂದು ಅವರ ಮೈಗೆ ಗೊತ್ತು. ಗೊತ್ತಿದ್ದವನಿಗೇ ಮೋಸ ಬೇಗ ತಿಳಿಯುತ್ತದೆ. ನನ್ನ ಶಿಷ್ಯನ ಸೊಂಟಕ್ಕೆ ಸರ್ಕಲ್ ಅಂದರೆ ಏನು ಅಂತ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ತೊಳಸುವುದೆಲ್ಲಿಂದ?

ಎಲ್ಲ ಆಟ ಕಿವಿಯೊಳಗಿದೆ. ಒಂದೊಂದು ಕಿವಿಯಲ್ಲಿ ಮೂರು ಬಳೆ ಥರದ ಸಣ್ಣ ಕೊಳವೆ, ಅವುಗಳಲ್ಲಿ ನೀರಿನಂಥ ದ್ರವ. ಬಸ್ಸಿನಲ್ಲಿ ತಂಬಿಗೆ ನೀರು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೀರಿ ಅನ್ನಿ. ಬಸ್ಸು ತಿರುಗಿದರೂ ನೀರು ಒಂದು ಗಳಿಗೆ ಹಿಂದೆ ಉಳಿಯುತ್ತದಲ್ಲ, ಅದೇ ಲೆಕ್ಕ. ದ್ರವ ಹಿಂದೆ ಉಳಿದದ್ದನ್ನು ನೋಡಿ ಮೆದುಳಿಗೆ "ತಲೆ ತಿರುಗಿತು" ಎಂಬ ಸುದ್ದಿ ಹೋಗುತ್ತದೆ. ಬ್ರೇಕು, ವೇಗ, ಏರು, ಇಳಿಜಾರು ತಿಳಿಯಲು ಅಲ್ಲೇ ಸಣ್ಣ ಹರಳುಗಳಿವೆ. ಅವು ಕ್ಯಾಲ್ಸಿಯಂ ಕಾರ್ಬೋನೇಟು. ನಮ್ಮ ಶಹಾಬಾದ್ ಫರ್ಸಿ ಕಲ್ಲಿನಲ್ಲಿರುವುದೂ ಮುಖ್ಯವಾಗಿ ಅದೇ. ಮನೆಯ ನೆಲಕ್ಕೆ ಹಾಸಿದ್ದನ್ನೇ ದೇವರು ಚಿಟಿಕೆಯಷ್ಟು ಕಿವಿಯೊಳಗೂ ಹಾಸಿದ್ದಾನೆ ಅಂತ ನಮ್ಮ ಮಾಲೀಕರಿಗೆ ಹೇಳಿದೆ. ಅವರು ನಂಬಲಿಲ್ಲ.

ಸಿಮ್ಯುಲೇಟರಿನಲ್ಲಿ ಕಣ್ಣು "ಹೊರಟೆವು" ಅನ್ನುತ್ತದೆ. ಕಿವಿ "ಎಲ್ಲಿಗೂ ಹೋಗಿಲ್ಲ" ಅನ್ನುತ್ತದೆ. ಸೀಟು ಕಿವಿಯ ಪರ ಸಾಕ್ಷಿ ಹೇಳುತ್ತದೆ. ಈ ಜಗಳಕ್ಕೆ ಹೊಟ್ಟೆ ಯಾಕೆ ದಂಡ ಕಟ್ಟಬೇಕು? 1977ರಲ್ಲಿ ಒಬ್ಬ ವಿಜ್ಞಾನಿ ಒಂದು ಊಹೆ ಮುಂದಿಟ್ಟ. ಕಾಡಿನ ಕಾಲದಲ್ಲಿ ಕಣ್ಣು, ಕಿವಿ ಬೇರೆ ಬೇರೆ ಮಾತಾಡಿದರೆ ಅದರರ್ಥ ವಿಷದ ಕಾಯಿ ತಿಂದಿದ್ದೇವೆ ಅಂತ. ಅದಕ್ಕೇ ಮೆದುಳು "ಮೊದಲು ಹೊರಗೆ ಹಾಕು" ಎಂದು ಆರ್ಡರ್ ಕೊಡುತ್ತದೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಆದರೆ ನಾನು ಒಪ್ಪಿದ್ದೇನೆ, ಯಾಕಂದರೆ ನಮ್ಮ ಮನೆಯಲ್ಲೂ ಮೊದಲ ಪ್ರಶ್ನೆ ಅದೇ ಬಂತಲ್ಲ.

ಕಿವಿಯದೇ ಕಾರುಬಾರು ಅನ್ನುವುದಕ್ಕೆ ನನಗೆ ಬಹಳ ಹಿಡಿಸಿದ ಸಾಕ್ಷಿ ಇನ್ನೊಂದಿದೆ. 1950ರ ದಶಕದ ಕೊನೆಯಲ್ಲಿ ನಾಸಾ ಮತ್ತು ಅಮೆರಿಕದ ನೌಕಾಪಡೆ ಗ್ಯಾಲೊಡೆಟ್ ಎಂಬ ಕಿವುಡರ ಕಾಲೇಜಿನ 11 ಜನರನ್ನು ಪ್ರಯೋಗಕ್ಕೆ ತೆಗೆದುಕೊಂಡರು. ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಮೆನಿಂಜೈಟಿಸ್ ಎಂಬ ಮೆದುಳಿನ ಪೊರೆಯ ಸೋಂಕು ಬಂದು ಒಳಕಿವಿಯ ಈ ಭಾಗವೂ ಹೋಗಿತ್ತು. ಒಮ್ಮೆ ಅವರನ್ನು ಹಡಗಿನಲ್ಲಿ ಅಬ್ಬರದ ಅಲೆಗಳ ನಡುವೆ ಕರೆದೊಯ್ದರು. ಅವರು ಆರಾಮಾಗಿ ಇಸ್ಪೀಟ್ ಆಡುತ್ತಾ ಕೂತರು. ಪರೀಕ್ಷೆ ಮಾಡಲು ಬಂದ ವಿಜ್ಞಾನಿಗಳೇ ವಾಂತಿ ಮಾಡಿಕೊಂಡು ಮಲಗಿದರು. ಅಂದರೆ ನನಗೆ ಚಕ್ಕರ್ ಬಂತು ಅಂದರೆ ನನ್ನ ಕಿವಿ ಸರಿಯಾಗಿದೆ ಅಂತ ಅರ್ಥ, ಅಲ್ವಾ? ಇದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಗು ಸ್ವಲ್ಪ ಕಡಿಮೆಯಾಯಿತು.

ನನ್ನ ಸಿಟ್ಟು ನಗುವವರ ಮೇಲಲ್ಲ. "ರೂಢಿ ಆಗ್ತದ, ಕುಂದರ್ರಿ" ಎಂದು ಕೂರಿಸುವವರ ಮೇಲೆ. ರೂಢಿ ಆಗುತ್ತೆ, ಸುಳ್ಳಲ್ಲ. ದಿನಕ್ಕೆ ಐದು ನಿಮಿಷ, ನಡುವೆ ಬಿಡುವು ಕೊಟ್ಟು ಕೂತರೆ ಹೆಚ್ಚಿನವರಿಗೆ ಆಗುತ್ತೆ. ಆದರೆ ವಾಂತಿ ಬರುವ ತನಕ ಹಟ ಹಿಡಿದು ಕೂತರೆ ಮೈ ಬೇರೆಯದನ್ನೇ ಕಲಿಯುತ್ತೆ. ನನಗೆ ಈಗ ಆ ಸೀಟಿನ ರೆಗ್ಝಿನ್ ವಾಸನೆ ಮೂಗಿಗೆ ಬಡಿದರೂ ಬಾಯಲ್ಲಿ ನೀರು ಬರುತ್ತದೆ.

ವಾಂತಿಗಿಂತ ಅಪಾಯದ್ದು ಆಮೇಲೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಅವತ್ತು ಮುಖ ತೊಳೆದು, "ಸರಿಹೋಯ್ತು" ಎಂದು ಬೈಕ್ ಹತ್ತಿದೆ. ರಾಮಮಂದಿರ ಸರ್ಕಲ್ ಹತ್ತಿರ ತಿರುಗಿಸಬೇಕು, ಬೈಕು ಎಡಕ್ಕೆ ಬೀಳುತ್ತಿದೆ ಅನ್ನಿಸಿತು. ಬಲಕ್ಕೆ ಎಳೆದೆ. ಬೈಕು ಬಿದ್ದಿರಲೇ ಇಲ್ಲ, ನೆಟ್ಟಗೇ ಇತ್ತು. ಹಿಂದಿನ ಆಟೋದವನು ನನ್ನ ಇಡೀ ಖಾಂದಾನಿಗೆ ಮರ್ಯಾದೆ ಮಾಡಿ ಹೋದ. ಬದಿಗೆ ನಿಲ್ಲಿಸಿ ಚಹಾ ಅಂಗಡಿಯ ಬೆಂಚಿನಲ್ಲಿ 20 ನಿಮಿಷ ಕೂತೆ. ಬೆಂಚು ಕೂಡ ಮೆಲ್ಲಗೆ ತೇಲುತ್ತಿತ್ತು. ಏಳು ನಿಮಿಷದಲ್ಲಿ ಮೆದುಳು ಸುಳ್ಳು ಲೋಕದ ಲೆಕ್ಕ ಹಿಡಿದಿತ್ತು, ನಿಜದ ರಸ್ತೆಗೆ ವಾಪಸ್ ಬರಲು ಅದಕ್ಕೆ ಹೊತ್ತು ಬೇಕಿತ್ತು. ಬೀದರ್‌ನವರಿಗೆ ತರಬೇತಿ ವಿಮಾನದ ಸದ್ದು ಹೊಸದಲ್ಲ, ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೇ ಅಲ್ಲಿ. ಪೈಲಟ್‌ಗಳ ಲೋಕದಲ್ಲಿ ಇದೆಲ್ಲ ಹಳೇ ವಿಷಯ. ಸಿಮ್ಯುಲೇಟರಿನಿಂದ ಇಳಿದವರನ್ನು ಇಷ್ಟು ಗಂಟೆ ನಿಜದ ವಿಮಾನಕ್ಕೆ ಹತ್ತಿಸಬಾರದು ಅಂತ ಕೆಲವು ದೇಶಗಳ ಸೇನೆಯಲ್ಲಿ ನಿಯಮವೇ ಇದೆ. ನಮ್ಮಲ್ಲಿ ಬೈಕಿನ ಕೀಲಿ ಕೈಗೆ ಕೊಟ್ಟು ಕಳಿಸುತ್ತೇವೆ.

ಹೋದ ವರ್ಷ ಅಪ್ಪನ, ಅಂದರೆ ಶರಣಬಸವೇಶ್ವರರ, ಜಾತ್ರೆಯಲ್ಲಿ ಕಂಡದ್ದೂ ಈಗ ಅರ್ಥವಾಗುತ್ತಿದೆ. ತೊಟ್ಟಿಲಿನ ಪಕ್ಕ ಒಂದು ವಿಆರ್ ಅಂಗಡಿ, ಕಣ್ಣಿಗೆ ಡಬ್ಬಿ ಕಟ್ಟಿಕೊಂಡರೆ ಸುತ್ತಲೂ ಬೇರೆಯದೇ ಲೋಕ ಕಾಣುತ್ತೆ. ಇಳಕಲ್ ಸೀರೆಯ ಒಬ್ಬ ಅಜ್ಜಿಗೆ ಮೊಮ್ಮಗ ಆ ಡಬ್ಬಿ ಕನ್ನಡಕ ಹಾಕಿಸಿದ. ಒಳಗೆ ರೋಲರ್ ಕೋಸ್ಟರ್. ಅಜ್ಜಿ ನಿಂತೇ ಇದ್ದಳು, ಕೂರಲು ಕುರ್ಚಿ ಇರಲಿಲ್ಲ. ಮೊದಲು ಹೆಬ್ಬೆರಳು ಚಪ್ಪಲಿಯನ್ನು ಗಟ್ಟಿಯಾಗಿ ಹಿಡಿಯಿತು. ಆಮೇಲೆ ಹಿಮ್ಮಡಿ ಎದ್ದಿತು. ಆಮೇಲೆ ಪೂರ್ತಿ ಮೈ ಮುಂದೆ ಹಿಂದೆ ತೂಗಿತು. "ಯಪ್ಪಾ, ಹಿಡಿಯೋ, ಬೀಳ್ತೀನೋ!" ಸುತ್ತ ನಿಂತವರೆಲ್ಲ ಫೋನ್ ಹಿಡಿದು ವಿಡಿಯೊ ಮಾಡುತ್ತಿದ್ದರು. ನಾನೂ ನಕ್ಕಿದ್ದೆ, ಒಪ್ಪಿಕೊಳ್ಳುತ್ತೇನೆ. ಆ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದರೆ ಗತಿಯೇನು ಎಂಬುದು ತಲೆಗೇ ಬರಲಿಲ್ಲ.

ಆ ಕನ್ನಡಕದಲ್ಲೂ ಬಹಳ ಸೂಕ್ಷ್ಮವಿದೆ. ತಲೆ ತಿರುಗಿಸಿದ ಮೇಲೆ ಚಿತ್ರ ತಿರುಗಲು 20 ಮಿಲಿಸೆಕೆಂಡಿಗಿಂತ ತಡವಾಗಬಾರದು ಅನ್ನುತ್ತಾರೆ. ಎರಡು ಗಾಜಿನ ನಡುವಿನ ಅಂತರ ನಮ್ಮ ಕಣ್ಣುಗಳ ಅಂತರಕ್ಕೆ ಹೊಂದಬೇಕು. ಜಾತ್ರೆಯಲ್ಲಿ ಅಜ್ಜಿಗೂ, ಎಂಟು ವರ್ಷದ ಹುಡುಗಿಗೂ, ಪೈಲ್ವಾನನಿಗೂ ಒಂದೇ ಅಳತೆ. ಒರೆಸುವುದೂ ಇಲ್ಲ, ಬಿಡಿ.

ಒಂದು ವಿಷಯ ಮಾತ್ರ ನನ್ನ ಕಣ್ಣಾರೆ ಕಂಡದ್ದು. ಸೀಟಿನಲ್ಲಿ ಯಾರಿಗೆ ತೊಳಸುತ್ತದೋ ಅವರ ಭುಜ ಮೊದಲೇ ಸಣ್ಣಗೆ ತೂಗಲು ಶುರುವಾಗುತ್ತದೆ. ತಮಗೇ ಗೊತ್ತಿರುವುದಿಲ್ಲ. 1991ರಲ್ಲಿ ಇಬ್ಬರು ಸಂಶೋಧಕರು ಇದೇ ಮಾತು ಬರೆದಿದ್ದಾರೆ, ಮೊದಲು ನಿಲುವು ತಪ್ಪುತ್ತದೆ, ವಾಕರಿಕೆ ಆಮೇಲೆ ಅಂತ. ಅದಕ್ಕೇ ಈಗ ನಾನು ಶಿಷ್ಯರ ಪರದೆ ನೋಡುವುದಿಲ್ಲ, ಭುಜ ನೋಡುತ್ತೇನೆ. ತೂಗಿತೋ, "ಇಳೀರಿ" ಅಂದುಬಿಡುತ್ತೇನೆ. ಮೊದಲ ದಿನ ಬರೀ ನೇರ ರಸ್ತೆ, ಐದು ನಿಮಿಷ. ಮುಖಕ್ಕೆ ಟೇಬಲ್ ಫ್ಯಾನ್. ಮಿರ್ಚಿ ಭಜಿ ತಿಂದು ಬಂದವರನ್ನು ಕೂರಿಸುವುದಿಲ್ಲ. ಇಳಿದ ಮೇಲೆ ಅರ್ಧ ಗಂಟೆ ಗಾಡಿಯ ಕೀಲಿ ನನ್ನ ಜೇಬಿನಲ್ಲಿ. ಮಾಲೀಕರಿಗೆ ಇದು ಸರಿಬರುತ್ತಿಲ್ಲ. ಮಷೀನು ಖಾಲಿ ಕೂತರೆ ರೊಕ್ಕ ಹೋಗುತ್ತದೆ ಅನ್ನುತ್ತಾರೆ. ಹೋಗಲಿ ಅಂದಿದ್ದೇನೆ.

ಅಂದಹಾಗೆ ಆ ಗಟ್ಟಿ ಹೊಟ್ಟೆಯ ಹುಡುಗನನ್ನು ಮೊನ್ನೆ ನಿಜವಾದ ಕಾರಿನಲ್ಲಿ ಕೂರಿಸಿದೆ. ಜಗತ್ ಸರ್ಕಲ್ ದಾಟುವಷ್ಟರಲ್ಲಿ ನಾಲ್ಕು ಸಲ ಬಂದ್ ಮಾಡಿದ. ಹಿಂದೆ ಹಾರ್ನ್ ಸುರಿಮಳೆ. ಅವನ ಅಂಗಿ ಬೆನ್ನಿಗೆ ಅಂಟಿತ್ತು. ನಾನು ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದೆ.

ಬೆಳಿಗ್ಗೆ ಯಾರೂ ಬರುವ ಮುಂಚೆ ನಾನೂ ಮಷೀನಿಗೆ ಕೂರುತ್ತೇನೆ. ನಿನ್ನೆ 11 ನಿಮಿಷ ಆಯಿತು. 12ನೇ ನಿಮಿಷಕ್ಕೆ ಮತ್ತೆ ಆ ಸರ್ಕಲ್ ಬಂತು. ತೇಗೂ ಬಂತು. ಎದ್ದುಬಿಟ್ಟೆ, ತಣ್ಣನೆ ಫರ್ಸಿ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.