ಸ್ಪಷ್ಟನೆ: ಮಾಸ್ ಸಿನಿಮಾಕ್ಕೂ ಧಾರಾವಾಹಿಗೂ ಹಕ್ಕುಸ್ವಾಮ್ಯ ಇದೆ

‘ಕಮರ್ಷಿಯಲ್ ಸಿನಿಮಾ, ಟಿವಿ ಧಾರಾವಾಹಿ ಕಲೆಯಲ್ಲ ಎಂದು ಕಾಯ್ದೆಯೇ ಹೇಳುತ್ತದೆ, ಅವುಗಳ ದೃಶ್ಯ ಯಾರು ಬೇಕಾದರೂ ಹಾಕಿಕೊಳ್ಳಬಹುದು’ ಎಂಬ ವಾಟ್ಸ್‌ಆ್ಯಪ್ ಸಂದೇಶ ಹರಿದಾಡುತ್ತಿದೆ. ಅದು ತಪ್ಪು.

1957ರ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 2(ಸಿ) ಹೇಳುವ ಕಲಾಕೃತಿಗಳಲ್ಲಿ ಚಿತ್ರ, ಶಿಲ್ಪ, ಫೋಟೊ, ವಾಸ್ತುಶಿಲ್ಪ ಇವೆ, ಸಿನಿಮಾ ಇಲ್ಲ. ಅಷ್ಟು ನಿಜ. ಆದರೆ ಕಾದಂಬರಿ, ಸಂಗೀತವೂ ಆ ಪಟ್ಟಿಯಲ್ಲಿಲ್ಲ. ಅವು ಕಲೆಯಲ್ಲ ಎಂದು ಯಾರೂ ಹೇಳುವುದಿಲ್ಲವಲ್ಲ! ಸೆಕ್ಷನ್ 13 ಸಿನಿಮಾಕ್ಕೆ ಪ್ರತ್ಯೇಕ ವರ್ಗ ಮಾಡಿ ಹಕ್ಕು ಕೊಟ್ಟಿದೆ. ದೃಶ್ಯ ಮುದ್ರಣವೆಲ್ಲ ಅದರಡಿ ಬರುವುದರಿಂದ ಧಾರಾವಾಹಿಯೂ ಸೇರಿತು. ಪ್ರಶಸ್ತಿ ಚಿತ್ರ, ಮಾಸ್ ಚಿತ್ರ ಎಂಬ ಭೇದವಿಲ್ಲ.

ಅವಧಿ, ಬಿಡುಗಡೆಯ ಮರುವರ್ಷದ ಜನವರಿಯಿಂದ 60 ವರ್ಷ. 1970ರಲ್ಲಿ ತೆರೆಕಂಡ ಚಿತ್ರದ ಹಕ್ಕು 2030ರ ಡಿಸೆಂಬರ್ 31ರವರೆಗೆ ಇರುತ್ತದೆ. ಹಲವರು ಎಡವುವುದು ಹಾಡಿನಲ್ಲಿ: ಚಿತ್ರದ ಅವಧಿ ಮುಗಿದರೂ ಸಾಹಿತ್ಯ, ಸಂಗೀತದ ಲೆಕ್ಕ ಬೇರೆ. ಅದು ಬರೆದವರು, ಸಂಯೋಜಿಸಿದವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ.

‘30 ಸೆಕೆಂಡ್‌ವರೆಗೆ ಪರವಾಗಿಲ್ಲ’ ಎಂಬ ನಿಯಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ‘ಕೃಪೆ’ ಎಂದು ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ. ವಿಮರ್ಶೆಗೆ ಬೇಕಾದಷ್ಟು ತುಣುಕು ಬಳಸಲು ಸೆಕ್ಷನ್ 52ರಲ್ಲಿ ಅವಕಾಶವಿದೆ. ಇಡೀ ಫೈಟ್ ಹಾಕಿ ಕೊನೆಗೆ ‘ಸೂಪರ್’ ಅಂದರೆ ವಿಮರ್ಶೆ ಎನಿಸದು.

ಮಾಸ್ ಸಿನಿಮಾ ಕಲೆಯೋ ಅಲ್ಲವೋ ಎಂದು ಧಾರಾಳವಾಗಿ ವಾದಿಸಿ. ಈ ಸಂದೇಶವನ್ನು ಮಾತ್ರ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.