ಪುಕ್ಕಟೆ ಅಶ್ವಶಕ್ತಿ

1994ರಿಂದ 1998ರ ಮಧ್ಯದವರೆಗೆ ಅಮೆರಿಕದ ಡಾಡ್ಜ್ ರ‍್ಯಾಮ್ ಪಿಕಪ್‌ಗಳಲ್ಲಿ ಬಂದ 12 ವಾಲ್ವಿನ ಕಮಿನ್ಸ್ ಎಂಜಿನ್‌ಗೆ ಒಂದು ದುರ್ಗುಣವಿದೆ. ಎಷ್ಟು ಕೇಳಿದರೂ ಇಲ್ಲ ಅನ್ನುವುದಿಲ್ಲ. 5.9 ಲೀಟರ್, ಸಾಲಾಗಿ ನಿಂತ ಆರು ಸಿಲಿಂಡರ್, ಕಂಪ್ಯೂಟರಿನ ಹಂಗಿಲ್ಲದೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಬಾಷ್ ಪಿ7100 ಪಂಪು. ಇದೇ ಮನೆತನದ 5.9 ಲೀಟರ್ ಎಂಜಿನ್ ಜಮ್‌ಶೆಡ್‌ಪುರದಲ್ಲಿ ತಯಾರಾಗಿ ಟಾಟಾ ಲಾರಿಗಳ ಮೂತಿಯೊಳಗೂ ಕೂತಿತ್ತು. ಲಾರಿಯಲ್ಲಿ ಅದರ ಕೆಲಸ ಮೂಟೆ ಹೊತ್ತು ಘಾಟಿ ಹತ್ತುವುದು. ಪಿಕಪ್ ಮಾಲೀಕನ ಗುರಿ ಇನ್ನೂ ಉದಾತ್ತ: ಸಿಗ್ನಲ್ ಹಸಿರಾದಾಗ ಪಕ್ಕದವನ ಮುಖ ಕನ್ನಡಿಯಲ್ಲಿ ನೋಡಬೇಕು.

ಪಂಪಿನ ನೆತ್ತಿಯ ಮೇಲೆ ಎಎಫ್‌ಸಿ ಎಂಬ ಡಬ್ಬಿ ಕೂತಿರುತ್ತದೆ. ಟರ್ಬೊ ಗಾಳಿ ಒತ್ತುವ ತನಕ ಡೀಸೆಲ್‌ಗೆ ಕೈ ಅಡ್ಡ ಹಿಡಿಯುವುದು ಅದರ ಉದ್ಯೋಗ. ಡಬ್ಬಿಯನ್ನು ಮುಂದಕ್ಕೆ ಸರಿಸಿ, ಒಳಗಿನ ನಕ್ಷತ್ರಚಕ್ರ ತಿರುಗಿಸಿ, ಡೀಸೆಲ್ ಅಳೆದು ಬಿಡುವ ರ‍್ಯಾಕಿನ ಓಟಕ್ಕೆ ಮಿತಿ ಹಾಕುವ ಫ್ಯೂಯಲ್ ಪ್ಲೇಟನ್ನೂ ಕೊಂಚ ಮುಂದೆ ತಳ್ಳಿದರೆ ಮುಗಿಯಿತು. ಬಿಡಿಭಾಗ ಬೇಡ, ಬಿಲ್ಲೂ ಇಲ್ಲ. ಸಂಜೆಯೊಳಗೆ ಗಾಡಿ ಬೇರೆಯೇ ಆಗಿರುತ್ತದೆ. ಹಿಂದೆ ಬರುವ ಕಾರಿನವರು ಹಗಲಲ್ಲೇ ಹೆಡ್‌ಲೈಟ್ ಹಾಕಿಕೊಳ್ಳುತ್ತಾರೆ. ಆಮೇಲೆ ಕ್ಲಚ್ ಜಾರುತ್ತದೆ. ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಹೋಸು ಢಮ್ಮೆಂದು ಕಳಚಿಕೊಳ್ಳುತ್ತದೆ. ಅಷ್ಟಕ್ಕೂ ಬುದ್ಧಿ ಬರದಿದ್ದರೆ ಪಿಸ್ಟನ್ ಕರಗುತ್ತದೆ. ಪುಕ್ಕಟೆ ಸಿಕ್ಕಿದ ಶಕ್ತಿಗೆ ದುಡ್ಡನ್ನು ನಾಲ್ಕು ಅಂಗಡಿಗಳಲ್ಲಿ ಕಂತಿನ ಮೇಲೆ ಕಟ್ಟುವ ಪದ್ಧತಿ ಇದು. ಹಾಗಾಗಿ ಗಾಡಿಯ ಶಕ್ತಿ ಏರಿಸುವ ಯೋಜನೆ ಬರೆಯುವಾಗ ಎಲ್ಲಕ್ಕಿಂತ ಅಗ್ಗದ ಈ ಕೆಲಸಕ್ಕೆ ಕಾಗದದ ಕೆಳಭಾಗದಲ್ಲಿ ಜಾಗ ಕೊಡಬೇಕು.

ಕಾಗದದ ತಲೆಯಲ್ಲಿ ಬರಬೇಕಾದದ್ದು ಒಂದು ಉಕ್ಕಿನ ಪಿನ್ನು. ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಮುಂಭಾಗದ ಗೇರ್ ಹೌಸಿಂಗ್ ಬ್ಲಾಕಿನ ಮೇಲೆ ಸರಿಯಾಗಿ ಕೂರಲೆಂದು ಹಾಕಿದ ಡೋವೆಲ್ ಅದು. ವರ್ಷಗಳ ನಡುಕಕ್ಕೆ ಮೆಲ್ಲಗೆ ಹೊರಬಂದು ಟೈಮಿಂಗ್ ಗೇರುಗಳ ನಡುವೆ ಬಿದ್ದರೆ ಹೌಸಿಂಗೂ ಹೋಯಿತು, ಗೇರೂ ಹೋಯಿತು. ಅಮೆರಿಕದ ಮೆಕ್ಯಾನಿಕ್‌ಗಳು ಅದನ್ನು ಕೊಲೆಗಾರ ಪಿನ್ನು ಅಂತಲೇ ಕರೆಯುತ್ತಾರೆ. ಫ್ಯಾನು, ಬೆಲ್ಟು, ಕ್ರ್ಯಾಂಕಿನ ಡ್ಯಾಂಪರು, ಮುಂದಿನ ಕವರು ಬಿಚ್ಚಿ, ಪಿನ್ನನ್ನು ಒಳಕ್ಕೆ ಬಡಿದು, ಪಕ್ಕದ ಬೋಲ್ಟಿನಡಿ ಒಂದು ಲೋಹದ ತುಂಡು ಸಿಕ್ಕಿಸಿ ಅದರ ಬಾಯಿ ಮುಚ್ಚಬೇಕು. ಬೋಲ್ಟು ಸಡಿಲವಾಗದಂತೆ ಥ್ರೆಡ್ ಲಾಕರ್ ಅಂಟು ಹಾಕಿ. ಕವರು ಮರಳಿ ಕೂರಿಸುವಾಗ ಹೊಸ ಕ್ರ್ಯಾಂಕ್ ಸೀಲು ಬೇಕು, ಅದು ಒಣಗಿದ, ಚೊಕ್ಕ ಶಾಫ್ಟಿನ ಮೇಲೆಯೇ ಕೂರಬೇಕು. ಪ್ರೀತಿಯಿಂದ ಎಣ್ಣೆ ಸವರುವವರ ಸೀಲೇ ಆಮೇಲೆ ಸೋರುವುದು.

ಆಮೇಲೆ ಮೀಟರುಗಳು: ಎಕ್ಸಾಸ್ಟ್ ಶಾಖಕ್ಕೆ ಪೈರೋಮೀಟರ್, ಟರ್ಬೊ ಒತ್ತಡಕ್ಕೊಂದು, ಡೀಸೆಲ್ ಒತ್ತಡಕ್ಕೊಂದು. ಪೈರೋಮೀಟರಿನ ಕಡ್ಡಿ ಟರ್ಬೊಗೆ ಮುಂಚೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲೇ ಇರಬೇಕು. ಟರ್ಬೊ ದಾಟಿದ ಮೇಲೆ ಅಳೆದರೆ ಭಾರ ಎಳೆಯುವಾಗ ಶಾಖ 200-300 ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಕಾಣುತ್ತದೆ. ಮನಸ್ಸಿಗೆ ಹಿತ, ಪಿಸ್ಟನ್‌ಗೆ ಅಲ್ಲ. ಬಹಳ ಹೊತ್ತು 1250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 675 ಸೆಲ್ಸಿಯಸ್ ದಾಟಬಾರದು. ಕಡ್ಡಿಯ ರಂಧ್ರಕ್ಕೆ 11/32 ಇಂಚಿನ ಡ್ರಿಲ್, ಅದರೊಳಗೆ ಥ್ರೆಡ್ ಕೊರೆಯಲು 1/8 ಇಂಚಿನ ಪೈಪ್ ಟ್ಯಾಪ್. ಕೊರೆದ ಪುಡಿ ಒಳಗೆ ಉಳಿದರೆ ಸೀದಾ ಟರ್ಬೊ ರೆಕ್ಕೆಗೆ ಹೋಗುತ್ತದೆ. ಪುಡಿ ಅಂಟಿಕೊಳ್ಳಲೆಂದು ಡ್ರಿಲ್ ಬಿಟ್‌ಗೆ ಗ್ರೀಸ್ ಮೆತ್ತಿ ಕೊರೆಯುವವರಿದ್ದಾರೆ. ಟರ್ಬೊ ಬಿಚ್ಚಿಟ್ಟು ಕೊರೆದವರಿಗೆ ರಾತ್ರಿ ನಿದ್ದೆ ಬರುತ್ತದೆ.

ಇನ್ನು ಡೀಸೆಲ್ ಬರುವ ದಾರಿ. ಬ್ಲಾಕಿನ ಪಕ್ಕದ ರಬ್ಬರ್ ಪೈಪು ವಯಸ್ಸಾಗಿ ಬಿರುಕು ಬಿಟ್ಟಿದ್ದರೆ ಹೊರಗೆ ಹನಿಯೂ ಕಾಣದೆ ಒಳಗೆ ಗಾಳಿ ಎಳೆಯುತ್ತದೆ. ಬೆಳಿಗ್ಗೆ ಗಾಡಿ ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಗುತ್ತದೆ. 2500 ಆರ್‌ಪಿಎಮ್‌ನಲ್ಲಿ ಡೀಸೆಲ್ ಒತ್ತಡ 25 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮುಟ್ಟದಿದ್ದರೆ ಫಿಲ್ಟರ್, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪ್, ಪಿ7100 ಪಂಪಿನ ಓವರ್‌ಫ್ಲೋ ವಾಲ್ವಿನ ಸೋತ ಸ್ಪ್ರಿಂಗು, ಮೂರನ್ನೂ ನೋಡಿ. ಇದನ್ನು ಬಿಟ್ಟು ಐದಿಂಚಿನ ಹೊಳೆಯುವ ಸೈಲೆನ್ಸರ್ ಕೊಳ್ಳುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ಗೇರ್ ಬಾಕ್ಸಿನ ಬಗ್ಗೆ ಕಂಪನಿಗೇ ಭಯವಿತ್ತು. 1996ರ ಮಾದರಿಯಿಂದ ಮ್ಯಾನುಯಲ್ ಗಾಡಿಗೆ 215 ಅಶ್ವಶಕ್ತಿ ಕೊಟ್ಟವರು ಆಟೊಮ್ಯಾಟಿಕ್‌ಗೆ 180ಕ್ಕೇ ಕೈ ಬಿಗಿ ಹಿಡಿದರು. ಆಟೊಮ್ಯಾಟಿಕ್ ಇದ್ದವರು ಕ್ಲಚ್ಚಿನ ಬದಲಿಗಿರುವ ಟಾರ್ಕ್ ಕನ್ವರ್ಟರ್, ಗೇರು ಬದಲಿಸುವ ವಾಲ್ವ್ ಬಾಡಿ, ಈ ಎರಡಕ್ಕೆ ಮೊದಲು ದುಡ್ಡು ಎತ್ತಿಡಬೇಕು. ಮ್ಯಾನುಯಲ್‌ನವರಿಗೆ ಕ್ಲಚ್ ಖರ್ಚು, ಜೊತೆಗೆ ಎನ್‌ವಿ4500 ಬಾಕ್ಸಿನ ಪ್ರಸಿದ್ಧ ಕಾಯಿಲೆ: ಐದನೇ ಗೇರಿನ ನಟ್ಟು ಸಡಿಲವಾಗಿ ಗೇರು ಶಾಫ್ಟಿನ ಮೇಲೆ ಹಿಂದೆ ಸರಿಯುತ್ತದೆ. ಹೆದ್ದಾರಿಯಲ್ಲಿ ಹೋಗುತ್ತಿದ್ದಂತೆ ಐದನೇ ಗೇರು ಮಾಯ. ಲಿವರ್ ಮಾತ್ರ ಐದರಲ್ಲೇ ಇರುತ್ತದೆ. ಬಾಕ್ಸು ಇಳಿಸಿದಾಗಲೇ ಬಿಗಿಯಾಗಿ ಕಚ್ಚಿಕೊಳ್ಳುವ ನಟ್ಟು ಹಾಕಿಸಿಬಿಡಿ.

ಇಷ್ಟಾದ ಮೇಲೆ ಪಂಪಿನ ಆ ಫ್ಯೂಯಲ್ ಪ್ಲೇಟು. ಒಮ್ಮೆಗೆ ಕೊಂಚವೇ ಸರಿಸಿ, ಭಾರ ಹೇರಿ ಏರು ಹತ್ತಿಸಿ, ಪೈರೋಮೀಟರ್ ನೋಡಿ, ಮತ್ತೆ ಸರಿಸಿ. ಮೊದಲಿನ ಜಾಗಕ್ಕೆ ಗೀರು ಹಾಕಿಟ್ಟುಕೊಳ್ಳದವರಿಗೆ ವಾಪಸ್ ದಾರಿ ಇಲ್ಲ. ಕರಿಹೊಗೆ ಅಂದರೆ ಗಾಳಿ ಸಾಲದೆ ಅರೆಬರೆ ಉರಿದ ಡೀಸೆಲ್. ಅದನ್ನು ಪ್ರದರ್ಶನಕ್ಕಿಡುವವರ ಶೋಕಿಗೆ ಇಲ್ಲಿ ಮರ್ಯಾದೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 1998 ಮತ್ತು ನಂತರದ ಡೀಸೆಲ್ ಪಿಕಪ್‌ಗಳಿಗೆ ಹೊಗೆ ತಪಾಸಣೆಯೇ ಇದೆ. ಮೂಲ ಎಚ್‌ಎಕ್ಸ್35 ಟರ್ಬೊ 35 ಪಿಎಸ್‌ಐ ತನಕ ಸಹಿಸುತ್ತದೆ. ಅದರಾಚೆ ಅದು ಕೊಡುವುದು ಗಾಳಿಗಿಂತ ಹೆಚ್ಚಾಗಿ ಶಾಖ. ಹೆಡ್ ಗ್ಯಾಸ್ಕೆಟ್ಟೂ ಅಲ್ಲಿಂದ ಮುಂದೆ ಗೊಣಗತೊಡಗುತ್ತದೆ. ಎಂಜಿನ್ ವೇಗಕ್ಕೆ ಮಿತಿ ಹಾಕುವ ಗವರ್ನರ್‌ಗೆ 3000 ಆರ್‌ಪಿಎಮ್ ಸ್ಪ್ರಿಂಗು ಸಾಕು. 4000ದ ಆಸೆ ಹುಟ್ಟಿದರೆ ಗಟ್ಟಿ ವಾಲ್ವ್ ಸ್ಪ್ರಿಂಗೂ ಬೇಕು.

ಕೊನೆಯದು ಪಂಪಿನ ಟೈಮಿಂಗ್, ಅಂದರೆ ಪಿಸ್ಟನ್ ಮೇಲೆ ಮುಟ್ಟಲು ಎಷ್ಟು ಡಿಗ್ರಿ ಇರುವಾಗ ಡೀಸೆಲ್ ಚಿಮ್ಮಬೇಕೆಂಬ ಲೆಕ್ಕ. ಮೂಲದ 12-14 ಡಿಗ್ರಿಯನ್ನು 16ರ ಸುತ್ತ ತಂದರೆ ಶಾಖ ಇಳಿಯುತ್ತದೆ. ತೀರಾ ಏರಿಸಿದರೆ ಚಳಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಪಂಪಿನ ಗೇರು ಕೂರುವುದು ತುದಿಯತ್ತ ಕಿರಿದಾಗುವ ಶಾಫ್ಟಿನ ಮೇಲೆ, ಜಾರದಂತೆ ತಡೆಯುವ ಲೋಹದ ತುಂಡೂ ಇಲ್ಲದೆ, ಬರೀ ಹಿಡಿತದಿಂದ. ಎರಡೂ ಮೈಯನ್ನು ಬ್ರೇಕ್ ಕ್ಲೀನರ್‌ನಿಂದ ಎಣ್ಣೆಯ ಸುಳಿವಿಲ್ಲದಂತೆ ಒರೆಸಿ, ನಟ್ಟನ್ನು 144 ಅಡಿ-ಪೌಂಡ್‌ಗೆ ಬಿಗಿಯಿರಿ. ಜಿಡ್ಡು ಉಳಿದರೆ ಗೇರು ಜಾರಿ, ಟೈಮಿಂಗ್ ತನಗೆ ಬೇಕಾದಲ್ಲಿಗೆ ಹೋಗುತ್ತದೆ. ನಟ್ಟು ಬಿಚ್ಚುವ ಮುನ್ನ ಗೇರಿನ ಸುತ್ತಲಿನ ಸಂದಿಗಳಿಗೆ ಬಟ್ಟೆ ತುರುಕಲೇಬೇಕು, ಏಕೆಂದರೆ ವಾಷರ್ ಒಳಗೆ ಬೀಳುತ್ತದೆ. ಬಟ್ಟೆ ಇಟ್ಟಿಲ್ಲ ಅಂತ ಅದಕ್ಕೆ ಹೇಗೋ ಗೊತ್ತಾಗುತ್ತದೆ. ಬಿದ್ದರೆ ಗಾಡಿಯ ಕೀ ಮುಟ್ಟಬೇಡಿ, ಎಂಜಿನ್ ಅರ್ಧ ಸುತ್ತೂ ತಿರುಗಬಾರದು. ಬಾಗುವ ಮ್ಯಾಗ್ನೆಟ್ ಇಳಿಬಿಟ್ಟು ಹುಡುಕಿ, ವಾಷರ್ ಉಕ್ಕಿನದು, ಅಂಟಿಕೊಂಡು ಬರುತ್ತದೆ.