ಮೂಗು ಓಡುವುದಿಲ್ಲ, ಸೋರುತ್ತದೆ

ಇಂಗ್ಲೆಂಡಿನ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳ ಬಾಯಲ್ಲಿ ‘ಅಮ್ಮಾ, ಮೂಗು ಓಡ್ತಿದೆ’ ಎಂಬ ಮಾತು ಕೇಳಿಬರುತ್ತದೆ. ಇಂಗ್ಲಿಷಿನಲ್ಲಿ ಮೂಗು ‘ರನ್’ ಆಗುತ್ತದೆ, ಕನ್ನಡದಲ್ಲಿ ಸೋರುತ್ತದೆ. ಮಗುವನ್ನು ದೂರಿ ಪ್ರಯೋಜನವಿಲ್ಲ. ‘ರನ್’ ಅಂದರೆ ‘ಓಡು’ ಎಂದು ಹೇಳಿಕೊಟ್ಟವರು ದೊಡ್ಡವರು, ಮಗು ಎಲ್ಲ ಕಡೆಗೂ ಅದನ್ನೇ ಹಚ್ಚುತ್ತಿದೆ.

ಮೂರಕ್ಷರದ ಈ ಇಂಗ್ಲಿಷ್ ಪದದ ಹರವು ದೊಡ್ಡದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥಗಳಿದ್ದ ಕ್ರಿಯಾಪದ ‘ಸೆಟ್’, ಸುಮಾರು 430. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿತು. ಇಷ್ಟೆಲ್ಲ ಅರ್ಥಗಳಿಗೂ ಕನ್ನಡದ ಒಂದೇ ಪದ ಹುಡುಕುವುದು ದಾರಿ ತಪ್ಪಿದ ಹುಡುಕಾಟ. ಯಾವುದು ‘ರನ್’ ಆಗುತ್ತಿದೆ ಎಂದು ನೋಡಿದರೆ ಕನ್ನಡದ ಕ್ರಿಯಾಪದ ತಾನಾಗಿ ಬರುತ್ತದೆ. ಸೀರೆಯಾದರೆ ಬಣ್ಣ ಬಿಡುತ್ತದೆ, ಸ್ನಾನದ ಟಬ್ಬಾದರೆ ನೀರು ಬಿಡುತ್ತೇವೆ, ನದಿಯಾದರೆ ಹರಿಯುತ್ತದೆ, ಬೇಲಿಯಾದರೆ ತೋಟದ ಉದ್ದಕ್ಕೂ ಇರುತ್ತದೆ. ಗಡಿಯಾರ, ಬಸ್ಸು, ನೂರು ದಿನ ಕಂಡ ಸಿನಿಮಾ, ಇವು ಮಾತ್ರ ಎರಡೂ ಭಾಷೆಯಲ್ಲಿ ಓಡುತ್ತವೆ.

ಅಂಗಡಿಯನ್ನು ಇಂಗ್ಲಿಷಿನವರು ಓಡಿಸುತ್ತಾರೆ, ನಾವು ನಡೆಸುತ್ತೇವೆ. ಮನೆ, ಶಾಲೆ, ಸಂಘ, ಸಂಸಾರ ಎಲ್ಲವನ್ನೂ ನಡೆಸುವುದೇ. ನಮ್ಮ ‘ಓಡಿಸು’ ಇರುವುದು ಗಾಡಿಗೆ, ಇಲ್ಲವೇ ಬೆಳೆಗೆ ನುಗ್ಗಿದ ದನಕ್ಕೆ. ‘ಮಾವ ಹೋಟೆಲ್ ಓಡಿಸ್ತಾರೆ’ ಅನ್ನುವ ಹುಡುಗನಿಗೆ ಈ ವ್ಯತ್ಯಾಸ ಒಮ್ಮೆ ತೋರಿಸಿದರೆ ಸಾಕು, ಮರೆಯುವುದಿಲ್ಲ.

ಚುನಾವಣೆಯ ಮಾತು ಬಂದರೆ ಇನ್ನೂ ಸ್ವಾರಸ್ಯ. ಅಮೆರಿಕದಲ್ಲಿ ಅಭ್ಯರ್ಥಿ ‘ರನ್’ ಮಾಡುತ್ತಾನೆ, ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ‘ಸ್ಟ್ಯಾಂಡ್’. ಕನ್ನಡದಲ್ಲೂ ಚುನಾವಣೆಗೆ ನಿಲ್ಲುವುದೇ. ಹೊಸದಾಗಿ ಬಂದವರು ಇಲ್ಲಿ ನಮ್ಮ ಮಾತನ್ನೇ ಹಾಗೇ ಇಂಗ್ಲಿಷಿಗೆ ಇಳಿಸಿದರೂ ಸರಿಹೋಗುತ್ತದೆ. ಇಂಥ ಅನುಕೂಲ ಅಪರೂಪ.

ಅನುಕೂಲ ಇಲ್ಲದ ಜಾಗ ಹಾಲು. ‘ಹಾಲು ಮುಗೀತು’ ಅನ್ನುವುದನ್ನು ನಾವು ‘ಮಿಲ್ಕ್ ಈಸ್ ಓವರ್’ ಅನ್ನುತ್ತೇವೆ. ಬೆಂಗಳೂರಿನಲ್ಲಿ ನಡೆಯುತ್ತದೆ, ಇಲ್ಲಿ ಕೇಳಿದವರು ಒಂದು ಕ್ಷಣ ತಡೆಯುತ್ತಾರೆ. ತಿದ್ದಲು ಹೋಗಿ ‘ಮಿಲ್ಕ್ ಈಸ್ ರನ್ ಔಟ್’ ಅಂದರೆ ಅದೂ ತಪ್ಪು. ಆ ತಪ್ಪು ಕ್ರಿಕೆಟ್ಟಿನಿಂದ ಬಂದಿರಬಹುದು. ಅಲ್ಲಿ ಬ್ಯಾಟ್ಸ್‌ಮನ್‌ನನ್ನು ಬೇರೆಯವರು ಔಟ್ ಮಾಡುತ್ತಾರೆ, ಹಾಗಾಗಿ ‘ವಾಸ್ ರನ್ ಔಟ್’. ಹಾಲನ್ನು ಯಾರೂ ಔಟ್ ಮಾಡಿಲ್ಲ, ಅದು ತಾನೇ ತೀರಿದೆ: ‘ದ ಮಿಲ್ಕ್ ಹ್ಯಾಸ್ ರನ್ ಔಟ್’. ಮಾತು ನಮ್ಮಿಂದ ಶುರುವಾದರೆ ‘ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್’. ಆ ‘ಆಫ್’ ಬಿಡಬಾರದು.

ಊರಿಂದ ಬಂದ ಅಪ್ಪ ಅಮ್ಮನನ್ನು ವೈದ್ಯರ ಬಳಿ ಕರೆದೊಯ್ಯುವ ಮೊದಲು ಮೂರು ಪ್ರಯೋಗ ತಿಳಿಸಿಬಿಡುವುದು ಒಳ್ಳೆಯದು. ‘ರನ್ನಿಂಗ್ ಎ ಟೆಂಪರೇಚರ್’ ಅಂದರೆ ಜ್ವರ ಇದೆ ಎಂದಷ್ಟೇ. ‘ದ ರನ್ಸ್’ ಅಂದರೆ ಭೇದಿ. ‘ಡಸ್ ಇಟ್ ರನ್ ಇನ್ ದ ಫ್ಯಾಮಿಲಿ’ ಎಂದು ಕೇಳಿದರೆ ವಂಶದಲ್ಲಿ ಇದೆಯಾ ಎಂದರ್ಥ. ಇಲ್ಲಿ ಎಡವುವವರು ಹೆಚ್ಚು. ಫ್ಯಾಮಿಲಿ ಎಂದೊಡನೆ ಅಮ್ಮಂದಿರು ಮನೆಯಲ್ಲಿರುವವರನ್ನೆಲ್ಲ ಲೆಕ್ಕ ಹಾಕಿ ‘ಇವರಿಗೂ ಶುಗರ್ ಇದೆ’ ಎಂದು ಗಂಡನನ್ನು ತೋರಿಸುತ್ತಾರೆ. ಕೇಳುತ್ತಿರುವುದು ತಂದೆತಾಯಿ, ಅಜ್ಜಅಜ್ಜಿ, ಒಡಹುಟ್ಟಿದವರ ಬಗ್ಗೆ.

ಇಂಗ್ಲಿಷಿನ ಈ ಸಿರಿ ಕಂಡು ಕನ್ನಡ ಬಡವೆಂದು ಬಗೆಯುವವರಿಗೆ ನಮ್ಮ ‘ಹೊಡೆ’ಯನ್ನು ತೋರಿಸಬೇಕು. ಮೊಳೆ ಹೊಡೆಯುತ್ತೇವೆ, ಪೇಂಟ್ ಹೊಡೆಯುತ್ತೇವೆ, ಗಿಡಕ್ಕೆ ಔಷಧಿ ಹೊಡೆಯುತ್ತೇವೆ, ಗೊರಕೆ, ಹರಟೆ, ಸೀಟಿ, ಪರೀಕ್ಷೆಯಲ್ಲಿ ಕಾಪಿ ಎಲ್ಲ ಹೊಡೆಯುವುದೇ. ಕರೆಂಟು ಹೊಡೆಯುತ್ತದೆ, ವಾಸನೆ ಹೊಡೆಯುತ್ತದೆ, ಲಾಟರಿ ಹೊಡೆಯುತ್ತದೆ. ಹೊರನಾಡಿನ ಮಕ್ಕಳಿಗೆ ಇದೇ ಮೊದಲು ಕೈತಪ್ಪುವುದು. ‘ಪೇಂಟ್ ಮಾಡು’, ‘ಸ್ಪ್ರೇ ಮಾಡು’, ‘ವಿಸಲ್ ಮಾಡು’ ಎಂದು ಎಲ್ಲಕ್ಕೂ ‘ಮಾಡು’ ಅಂಟಿಕೊಳ್ಳುತ್ತದೆ. ಅರ್ಥವಾಗುತ್ತದೆ, ಆದರೆ ಕನ್ನಡ ತೆಳುವಾಗುತ್ತದೆ, ಅದೇ ನೋವು.

ಮಕ್ಕಳಿಗೆ ಕಲಿಸುವಾಗ ಬಿಡಿ ಪದದ ಪಟ್ಟಿ ಕೊಡಬೇಡಿ. ವಸ್ತು ಮತ್ತು ಅದಕ್ಕೊಪ್ಪುವ ಕ್ರಿಯಾಪದ, ಈ ಜೋಡಿಯನ್ನೇ ಕೊಡಿ, ಅದೂ ಕೆಲಸ ನಡೆಯುವಾಗ: ಗೋಡೆಗೆ ಚಿತ್ರ ತೂಗುಹಾಕುವಾಗ ‘ಮೊಳೆ ಹೊಡಿ’, ಬಟ್ಟೆ ಒಗೆಯುವಾಗ ‘ಕೆಂಪಂಗಿ ಬೇರೆ ಇಡು, ಬಣ್ಣ ಬಿಡುತ್ತೆ’. ವಾರಕ್ಕೆ ಐದಾರು ಜೋಡಿ ಸಾಕು. ಕ್ರಿಕೆಟ್ ನೋಡುತ್ತಾ ಕೂತಾಗ ಇಂಗ್ಲಿಷಿನವರು ‘ಸ್ಕೋರ್’ ಮಾಡುವುದನ್ನು ನಾವು ಏನನ್ನುತ್ತೇವೆ ಎಂದು ಕೇಳಿ ನೋಡಿ: ರನ್ ಹೊಡೆದ.